ಹೊರದೇಶದ ಪಾಲುದಾರ ಸಭೆ (ಚರ್ಚು) ಸಲಿಂಗ ಪ್ರೇಮಿಗಳ ವಿರುದ್ಧದ ಕಾನೂನನ್ನು ಬೆಂಬಲಿಸಿದರೆ ನಮ್ಮ ಸಭೆ ಏನು ಮಾಡಬೇಕು?

ಹಾಸನ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆಯ ಓದುಗರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಿದ್ದಾರೆ. "ನಮ್ಮ ಹಾಸ್ಟೆಲಿಗೆ ಸಹಾಯ ಮಾಡುವ ಸಂಸ್ಥೆ ಉಗಾಂಡದ ಕಾನೂನನ್ನು ಹೊಗಳಿದೆಯಂತೆ, ಅವರ ಹಣ ತಗೊಳ್ಳೋದು ತಪ್ಪಾ?" "ಕಮಿಟಿಯಲ್ಲಿ ಈ ಮಾತು ಎತ್ತಿದರೆ ಜಗಳ ಆಗುತ್ತೆ, ಹೇಗೆ ಎತ್ತೋದು?" "ಎಲ್ಲೋ ಆಫ್ರಿಕಾದ ವಿಷಯ, ನಮಗ್ಯಾಕೆ?" ಮೂರಕ್ಕೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಅಥವಾ ಅಮೆರಿಕದ ಸಭೆಗೆ ಈ ಪ್ರಶ್ನೆ ಬಂದಾಗ ಅವರು ಯೋಚಿಸುವುದು "ನಾವು ಕಳಿಸುವ ಹಣ ನಿಲ್ಲಿಸಬೇಕಾ" ಎಂದು. ನಮ್ಮ ಸ್ಥಿತಿ ಉಲ್ಟಾ. ಹಣ ನಮ್ಮ ಕಡೆಗೆ ಬರುತ್ತದೆ, ನಮ್ಮಿಂದ ಹೋಗುವುದು ನಮ್ಮ ಹೆಸರು. "ಭಾರತದಲ್ಲಿ ಇಷ್ಟು ಸಭೆಗಳು ನಮ್ಮ ಜೊತೆ ಇವೆ" ಎಂದು ಅವರ ವೆಬ್‌ಸೈಟಿನಲ್ಲಿ, ಬ್ರೋಷರಿನಲ್ಲಿ ಇರುತ್ತದಲ್ಲ, ಅದು ಅವರಿಗೆ ದೊಡ್ಡ ಬಲ. ಹಾಗಾಗಿ ನಮ್ಮ ಜವಾಬ್ದಾರಿ ಶುರುವಾಗುವುದು ಆ ಹೆಸರಿನಿಂದ. ಯಾರನ್ನಾದರೂ ಜೈಲಿಗೆ ಹಾಕುವ, ಗಲ್ಲಿಗೇರಿಸುವ ಕಾನೂನಿಗೆ ಅದು ಆಸರೆಯಾಗಬಾರದು.

ಹೊರದೇಶದ ನಂಟು ನಮ್ಮ ಕಡೆ ಹೊಸದೇನಲ್ಲ. ಹಾಸನದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ ಮೆಥೊಡಿಸ್ಟ್ ಮಿಷನ್ ಕಾಲದ್ದು. ಹೇಮಾವತಿ ಹಿನ್ನೀರಿನಲ್ಲಿ ಮುಳುಗೇಳುವ ಶೆಟ್ಟಿಹಳ್ಳಿಯ ಹಳೆಯ ಚರ್ಚು ಫ್ರೆಂಚ್ ಮಿಷನರಿಗಳ ಕಾಲದ್ದು. ನಂಟು ಇರಲಿ. ಆ ನಂಟಿನಲ್ಲಿ ಪ್ರಶ್ನೆ ಕೇಳುವ ಹಕ್ಕೂ ನಮಗಿದೆ ಅನ್ನುವುದನ್ನು ಮರೆಯುವುದು ಬೇಡ.

ಶುರು ಮಾಡುವ ಮೊದಲು ಇಷ್ಟು ಜೋಡಿಸಿಟ್ಟುಕೊಳ್ಳಿ: ಹಿಂದಿನ ಕೆಲವು ವರ್ಷಗಳ ಆಡಿಟ್ ಆದ ಲೆಕ್ಕ, ಪಾಲುದಾರರ ಜೊತೆಗಿನ ಒಪ್ಪಂದ ಪತ್ರ (ಎಂಒಯು ಅನ್ನುತ್ತಾರಲ್ಲ, ಅದು), ಅವರು ಕೊಟ್ಟ ಪುಸ್ತಕ, ಕರಪತ್ರ, ವಿಡಿಯೊಗಳು, ಅವರ ವೆಬ್‌ಸೈಟಿನಲ್ಲಿ ನಿಮ್ಮ ಸಭೆಯ ಹೆಸರು ಅಥವಾ ಫೋಟೊ ಇರುವ ಪುಟದ ಪ್ರಿಂಟ್. ಜೊತೆಗೆ ಇಬ್ಬರು ಬೇಕು. ಒಬ್ಬರೇ ಮಾಡಿದರೆ ಅದು "ಅವರ ಸ್ವಂತ ಜಗಳ" ಅನ್ನಿಸಿಕೊಳ್ಳುತ್ತದೆ. ಇಬ್ಬರಲ್ಲಿ ಒಬ್ಬರು ಲೆಕ್ಕ ಬಲ್ಲವರಾದರೆ ಒಳ್ಳೆಯದು.

1. ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಮಾಡಿ

ಹೆಚ್ಚಿನ ಸಭೆಗಳು ಎಡವುವುದು ಇಲ್ಲೇ. ಸಲಿಂಗ ವಿವಾಹವನ್ನು ಸಭೆ ಆಶೀರ್ವದಿಸಬೇಕೇ ಎಂಬುದು ಒಂದು ಪ್ರಶ್ನೆ. ಸಲಿಂಗ ಪ್ರೇಮಿಗಳನ್ನು ಸರ್ಕಾರ ಅಪರಾಧಿಗಳೆಂದು ಶಿಕ್ಷಿಸಬೇಕೇ ಎಂಬುದು ಇನ್ನೊಂದು. ಮೊದಲನೆಯದನ್ನು ಕೈಗೆತ್ತಿಕೊಂಡರೆ ಸಭೆ ಎರಡು ಭಾಗ ಆಗುತ್ತದೆ, ಎರಡನೆಯದರ ತನಕ ಮಾತು ಹೋಗುವುದೇ ಇಲ್ಲ.

ಎರಡನೆಯ ಪ್ರಶ್ನೆಯಲ್ಲಿ, ಮೊದಲನೆಯದಕ್ಕೆ "ಬೇಡ" ಎಂದವರೂ "ಶಿಕ್ಷೆ ಬೇಡ" ಎಂದಿರುವ ಉದಾಹರಣೆ ಬೇಕಷ್ಟಿವೆ. ಇವನ್ನು ಕಮಿಟಿಯ ಮುಂದಿಡಿ.

ಆಂಗ್ಲಿಕನ್ ಕಮ್ಯೂನಿಯನ್ ಅಂದರೆ ಇಂಗ್ಲೆಂಡಿನ ಸಭೆಯಿಂದ ಬೆಳೆದ, ಹಲವು ದೇಶಗಳ ಸಭೆಗಳ ಒಕ್ಕೂಟ. ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಇದರ ಸದಸ್ಯ, ಚರ್ಚ್ ಆಫ್ ಉಗಾಂಡ ಕೂಡ ಸದಸ್ಯ. 1998ರ ಲ್ಯಾಂಬೆತ್ ಸಮ್ಮೇಳನದಲ್ಲಿ ಇವರ ಬಿಷಪ್‌ಗಳು ಸಲಿಂಗ ಸಂಬಂಧ ಬೈಬಲಿಗೆ ಹೊಂದುವುದಿಲ್ಲ ಎಂದರು. ಅದೇ ಠರಾವಿನಲ್ಲಿ ಸಲಿಂಗ ಪ್ರೇಮಿಗಳ ಮೇಲಿನ ವಿವೇಕವಿಲ್ಲದ ಭಯವನ್ನು ಖಂಡಿಸಿದರು, ಅವರನ್ನು ಪಾಲನೆ ಮಾಡಬೇಕು ಎಂದರು. 2016ರ ಜನವರಿಯಲ್ಲಿ ಪ್ರೈಮೇಟ್‌ಗಳು, ಅಂದರೆ ಒಂದೊಂದು ದೇಶದ ಅಥವಾ ಪ್ರಾಂತದ ಮುಖ್ಯ ಬಿಷಪ್‌ಗಳು ಸೇರಿದಾಗ, ಸಲಿಂಗ ಪ್ರೇಮಿಗಳಿಗೆ ಕ್ರಿಮಿನಲ್ ಶಿಕ್ಷೆ ಕೊಡುವುದನ್ನು ತಾವು ಒಪ್ಪುವುದಿಲ್ಲವೆಂದು ಮತ್ತೆ ಹೇಳಿದರು. ಈ ಮಾತು ಸಾಕಷ್ಟು ಜನರಿಗೆ ಗೊತ್ತೇ ಇಲ್ಲ. 1998ರದ್ದನ್ನು ಅರ್ಧ ಓದಿ ಎದ್ದು ನಿಲ್ಲುವವರು ನಿಮ್ಮ ಕಮಿಟಿಯಲ್ಲಿ ಇದ್ದೇ ಇರುತ್ತಾರೆ, ಉಳಿದ ಅರ್ಧ ನಿಮ್ಮ ಕೈಯಲ್ಲಿರಲಿ.

ಕಥೋಲಿಕರಾದರೆ: ಸಲಿಂಗ ಪ್ರೇಮಿಗಳನ್ನು ಗೌರವ, ಕನಿಕರ, ಸೂಕ್ಷ್ಮತೆಯಿಂದ ಕಾಣಬೇಕು, ಅನ್ಯಾಯದ ತಾರತಮ್ಯ ಮಾಡಬಾರದು ಎಂದು ಧರ್ಮೋಪದೇಶ ಗ್ರಂಥದ 2358ನೇ ಕಂಡಿಕೆ ಹೇಳುತ್ತದೆ. ಮುಂಬೈಯ ಆಗಿನ ಆರ್ಚ್‌ಬಿಷಪ್ ಕಾರ್ಡಿನಲ್ ಓಸ್ವಾಲ್ಡ್ ಗ್ರೇಷಿಯಸ್, ಸುಪ್ರೀಂ ಕೋರ್ಟು 2013ರ ಡಿಸೆಂಬರಿನಲ್ಲಿ ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಕಲಮನ್ನು ಉಳಿಸಿದಾಗ, ಸಲಿಂಗ ಪ್ರೇಮಿಗಳನ್ನು ಸಭೆ ಯಾವತ್ತೂ ಅಪರಾಧಿಗಳೆಂದು ಕಂಡಿಲ್ಲ ಎಂದಿದ್ದರು. ಪೋಪ್ ಫ್ರಾನ್ಸಿಸ್ 2023ರ ಜನವರಿಯಲ್ಲಿ ಇದು ಅಪರಾಧ ಅಲ್ಲ ಎಂದು ನೇರವಾಗಿ ಹೇಳಿದರು. ಮರು ತಿಂಗಳು ದಕ್ಷಿಣ ಸೂಡಾನಿನಿಂದ ವಾಪಸು ಬರುವ ವಿಮಾನದಲ್ಲಿ ಪೋಪ್, ಕ್ಯಾಂಟರ್ಬರಿಯ ಆಗಿನ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ, ಸ್ಕಾಟ್ಲೆಂಡ್ ಸಭೆಯ ಮಾಡರೇಟರ್ ಮೂವರೂ ಪತ್ರಕರ್ತರ ಮುಂದೆ ಇಂಥ ಕಾನೂನುಗಳನ್ನು ವಿರೋಧಿಸಿದರು. ಈ ಮೂರು ಸಭೆಗಳೂ ಮದುವೆಯ ವಿಷಯದಲ್ಲಿ ಒಂದೇ ಅಭಿಪ್ರಾಯದವಲ್ಲ. ನಮಗೆ ಬೇಕಾದ ಪಾಠ ಅದೇ.

ಎಚ್ಚರಿಕೆ: ಮೀಟಿಂಗಿನಲ್ಲಿ ಯಾರಾದರೂ "ಹಾಗಾದರೆ ನೀವು ಇದಕ್ಕೆಲ್ಲ ಸಪೋರ್ಟಾ?" ಎಂದು ಕೇಳಿಯೇ ಕೇಳುತ್ತಾರೆ. ವಾದಕ್ಕೆ ಇಳಿಯಬೇಡಿ. "ಇವತ್ತಿನ ಪ್ರಶ್ನೆ ಜೈಲಿನದ್ದು, ಮದುವೆಯದ್ದಲ್ಲ" ಎಂದು ಹೇಳಿ ಮುಂದೆ ಹೋಗಿ.

2. ನಿಮ್ಮ ನಂಟು ಎಂಥದ್ದು, ಬರೆದಿಡಿ

ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ: ಹಣ, ಹೆಸರು, ಬಂದುಹೋಗುವ ಜನ, ಪುಸ್ತಕ-ವಿಡಿಯೊ. ಒಬ್ಬೊಬ್ಬ ಪಾಲುದಾರರ ಎದುರು ಯಾವುದು ಇದೆಯೋ ತುಂಬಿಸಿ.

ಮೊದಲು, ಪಾಲುದಾರ ಯಾರು ಅನ್ನುವುದೇ ಸ್ಪಷ್ಟ ಆಗಬೇಕು. ಉಗಾಂಡದ ಸಭೆಗೂ ನಿಮ್ಮ ಸಭೆಗೂ ನೇರ ವ್ಯವಹಾರ ಇಲ್ಲದೆ, ಬರೀ ಒಂದೇ ಒಕ್ಕೂಟದಲ್ಲಿ ಇರುವುದು ಒಂದು ಬಗೆ. ನಿಮ್ಮ ಶಾಲೆಗೆ ಪ್ರತಿ ವರ್ಷ ಹಣ ಕಳಿಸುವ ಸಂಸ್ಥೆ, ಅದೇ ಹೊತ್ತಿಗೆ ಉಗಾಂಡದಲ್ಲೂ ಕೆಲಸ ಮಾಡುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಹಾಸನದಿಂದ ನೀವು ಮಾಡಬಹುದಾದ್ದು "ನೀವು ಕೇಳಿ" ಎಂದು ನಿಮ್ಮ ಮೇಲಿನವರಿಗೆ ಹೇಳುವುದಷ್ಟೇ. ಎರಡನೆಯದರಲ್ಲಿ ನೇರ ಹೊಣೆ ಇದೆ.

ಹಣದ ಕಾಲಂ ತುಂಬುವಾಗ ಎಫ್‌ಸಿಆರ್‌ಎ ತಿಳಿದಿರಲಿ. ಹೊರದೇಶದ ದೇಣಿಗೆಯನ್ನು ನಿಯಂತ್ರಿಸುವ 2010ರ ಕೇಂದ್ರ ಕಾನೂನು ಇದು. ನೋಂದಣಿ ಆದ, ಇಲ್ಲವೇ ಮೊದಲೇ ಸರ್ಕಾರದ ಅನುಮತಿ ಪಡೆದ ಸಂಸ್ಥೆ ಮಾತ್ರ ಹಣ ಪಡೆಯಬಹುದು. ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. 2020ರ ತಿದ್ದುಪಡಿಯ ನಂತರ, ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ಖರ್ಚಿಗೆ ಶೇ. 20ಕ್ಕಿಂತ ಜಾಸ್ತಿ ಬಳಸುವಂತಿಲ್ಲ. ಮಾರ್ಚಿಗೆ ಮುಗಿದ ವರ್ಷದ ಲೆಕ್ಕವನ್ನು ಡಿಸೆಂಬರ್ 31ರೊಳಗೆ ಸಲ್ಲಿಸಬೇಕು. ಈ ಲೆಕ್ಕ ನೋಡಿದರೆ ಯಾರಿಂದ ಎಷ್ಟು ಬಂತು ಎಂಬುದು ಗೊತ್ತಾಗುತ್ತದೆ. ಸಿ.ಎಸ್.ಐ. ಸಭೆಗಳಿಗೆ ಹೆಚ್ಚಾಗಿ ಇದು ಸಭಾಪ್ರಾಂತದ (ಒಬ್ಬ ಬಿಷಪ್ ಅವರ ಆಡಳಿತಕ್ಕೆ ಸೇರಿದ ಪ್ರದೇಶ) ಮಟ್ಟದಲ್ಲಿರುತ್ತದೆ, ಕಥೋಲಿಕರಿಗೆ ಧರ್ಮಪ್ರಾಂತ್ಯದ ಅಥವಾ ಧಾರ್ಮಿಕ ಸಭೆಯ ಕಚೇರಿಯಲ್ಲಿ. (ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗೆ ಸೇರಿ ಚಿಕ್ಕಮಗಳೂರು ಧರ್ಮಪ್ರಾಂತ್ಯ 1963ರಿಂದ ಇದೆ.) ಸ್ವತಂತ್ರ ಪ್ರಾರ್ಥನಾ ಮಂದಿರದವರೇ, ಸಭೆಯ ಕೆಲಸದ ಹಣ ಪಾಸ್ಟರ್ ಅವರ ಸ್ವಂತ ಖಾತೆಗೆ ಬರುತ್ತಿದ್ದರೆ ಈ ಲೇಖನ ಬದಿಗಿಟ್ಟು ಮೊದಲು ಆಡಿಟರ್ ಹತ್ತಿರ ಹೋಗಿ.

ಹಣದ ಕಾಲಂ ಖಾಲಿ ಇದ್ದರೆ ಸುಮ್ನೆ ಖುಷಿಪಡಬೇಡಿ. ಹೆಸರಿನ ಕಾಲಂ ತುಂಬಿರಬಹುದು.

3. ಅವರು ನಿಜಕ್ಕೂ ಏನು ಹೇಳಿದ್ದಾರೆ, ನೋಡಿ

ವಾಟ್ಸಾಪಿನಲ್ಲಿ ಬಂದ ಎರಡು ನಿಮಿಷದ ವಿಡಿಯೊ ಸಾಕ್ಷಿ ಅಲ್ಲ. ಪೂರ್ತಿ ಹೇಳಿಕೆ, ದಿನಾಂಕ, ಯಾರ ಸಹಿ, ಇಷ್ಟು ಬೇಕು. ಕಾನೂನಿನಲ್ಲಿ ಏನಿದೆ ಅನ್ನುವುದೂ ಬೇಕು.

ಉಗಾಂಡವನ್ನೇ ತಗೊಳ್ಳಿ. ಅಲ್ಲಿನ ಕಾನೂನಿಗೆ ಅಧ್ಯಕ್ಷ ಮುಸೆವೆನಿ ಸಹಿ ಹಾಕಿದ್ದು 2023ರ ಮೇ ತಿಂಗಳಲ್ಲಿ. ಸಲಿಂಗ ಸಂಬಂಧಕ್ಕೆ ಜೀವಾವಧಿ ಶಿಕ್ಷೆ, ಕೆಲವು ಸಂದರ್ಭಗಳಲ್ಲಿ ಮರಣದಂಡನೆ, "ಪ್ರಚಾರ" ಮಾಡಿದರೆ 20 ವರ್ಷದ ತನಕ ಜೈಲು. 2024ರ ಏಪ್ರಿಲಿನಲ್ಲಿ ಅಲ್ಲಿನ ಸಂವಿಧಾನ ಕೋರ್ಟು ಕೆಲವು ಕಲಮುಗಳನ್ನಷ್ಟೇ ತೆಗೆದುಹಾಕಿತು. ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು ಎಂಬುದು, ಮನೆ ಬಾಡಿಗೆ ಕೊಟ್ಟವರನ್ನು ಹಿಡಿಯುವುದು ಹೋದವು. ಉಳಿದದ್ದು ಹಾಗೇ ಇದೆ. ಚರ್ಚ್ ಆಫ್ ಉಗಾಂಡದ ಆರ್ಚ್‌ಬಿಷಪ್ ಸ್ಟೀಫನ್ ಕಝಿಂಬಾ ಈ ಕಾನೂನನ್ನು ಸ್ವಾಗತಿಸಿದರು. ಮರಣದಂಡನೆ ಮಾತ್ರ ಬೇಡ, ಅದರ ಬದಲು ಜೀವಾವಧಿ ಇರಲಿ ಎಂದರು. ಜಸ್ಟಿನ್ ವೆಲ್ಬಿ ಅವರು 2023ರ ಜೂನಿನಲ್ಲಿ ಅವರಿಗೆ ಪತ್ರ ಬರೆದು ದುಃಖ ಹೇಳಿಕೊಂಡರು.

"ಉಗಾಂಡದ ಸಭೆ ಗಲ್ಲು ಬೇಕು ಎಂದಿತು" ಎಂದು ಯಾರಾದರೂ ಬರೆದರೆ ಅದು ಸುಳ್ಳು. "ಅವರು ಕಾನೂನನ್ನು ಬೆಂಬಲಿಸಲೇ ಇಲ್ಲ" ಎಂದರೆ ಅದೂ ಸುಳ್ಳು. ನಿಮ್ಮ ಕಾಗದದಲ್ಲಿ ಇಂಥ ಒಂದು ತಪ್ಪು ಇದ್ದರೆ ಸಾಕು, ಉತ್ತರ ಪೂರ್ತಿ ಆ ತಪ್ಪಿನ ಮೇಲೇ ಬರುತ್ತದೆ, ಅಲ್ವಾ?

ಘಾನಾದಲ್ಲಿ 2024ರ ಫೆಬ್ರವರಿಯಲ್ಲಿ ಸಂಸತ್ತು ಇಂಥದೇ ಮಸೂದೆ ಪಾಸು ಮಾಡಿತು. ತಾನು ಸಲಿಂಗ ಪ್ರೇಮಿ ಎಂದು ಹೇಳಿಕೊಂಡರೇ ಮೂರು ವರ್ಷದ ತನಕ ಜೈಲು ಎಂದು ಅದರಲ್ಲಿತ್ತು. ಆಗಿನ ಅಧ್ಯಕ್ಷರು ಸಹಿ ಹಾಕಲಿಲ್ಲ, ಆ ಸಂಸತ್ತಿನ ಅವಧಿ ಮುಗಿದು ಅದು ಬಿದ್ದುಹೋಯಿತು. 2025ರಲ್ಲಿ ಮತ್ತೆ ಮಂಡನೆ ಆಯಿತು. ಮಸೂದೆ ಯಾವುದು, ಕಾನೂನು ಯಾವುದು ಎಂಬುದನ್ನೂ ಬೇರೆ ಮಾಡಿ ಬರೆದುಕೊಳ್ಳಿ.

ಪಾಲುದಾರರು ಮಾಡಿದ್ದು ಯಾವ ಮಟ್ಟದ್ದು ಎಂಬುದನ್ನು ಗುರುತಿಸಿ: ಬರೀ ಮೌನವಾಗಿದ್ದಾರೋ, ತಮ್ಮ ಬೋಧನೆಯನ್ನಷ್ಟೇ ಹೇಳಿದ್ದಾರೋ, ಕಾನೂನನ್ನು ಹೊಗಳಿದ್ದಾರೋ, ಅದಕ್ಕಾಗಿ ಓಡಾಡಿದ್ದಾರೋ, ಹಣ ಹಾಕಿದ್ದಾರೋ. ಎಲ್ಲಕ್ಕೂ ಒಂದೇ ಶಿಕ್ಷೆ ಅಲ್ಲ.

4. ಕಮಿಟಿಗೆ ತನ್ನಿ

ಮೊದಲು ಅಯ್ಯನವರ (ಪಾಸ್ಟರ್) ಅಥವಾ ಫಾದರ್ ಅವರ ಹತ್ತಿರ ಹೋಗಿ, ಫೈಲು ತೋರಿಸಿ. ನೇರ ಮಹಾಸಭೆಯಲ್ಲಿ ಎದ್ದು ನಿಂತು ಮಾತಾಡಿದರೆ ಅವರಿಗೆ ಮುಜುಗರ ಆಗುತ್ತದೆ, ನಿಮ್ಮ ಕೆಲಸ ಅಲ್ಲಿಗೆ ಮುಗಿಯುತ್ತದೆ.

ದಿನ ಆರಿಸುವಾಗ ನಮ್ಮ ಕಡೆಯ ಕ್ಯಾಲೆಂಡರ್ ನೋಡಿ. ಡಿಸೆಂಬರಿನಿಂದ ಫೆಬ್ರವರಿ ತನಕ ಕಾಫಿ ಕುಯ್ಲು, ಮೂಡಿಗೆರೆ-ಸಕಲೇಶಪುರದ ತೋಟದ ಜನ ಮೀಟಿಂಗಿಗೆ ಬರುವುದಿಲ್ಲ. ಮೇಲಿಂದ ಕ್ರಿಸ್ಮಸ್. ಲೆಕ್ಕ ಮಂಡಿಸುವ ವಾರ್ಷಿಕ ಮಹಾಸಭೆಯ ಮುಂಚಿನ ಕಮಿಟಿ ಮೀಟಿಂಗ್ ಒಳ್ಳೆಯ ಹೊತ್ತು. ಆಗ ಹಣದ ಮಾತು ಹೇಗೂ ಬರುತ್ತದೆ, ಈ ಮಾತು ಅದರ ಜೊತೆ ಬಂದರೆ ಅಸಹಜ ಅನ್ನಿಸುವುದಿಲ್ಲ.

"ನಮಗ್ಯಾಕೆ" ಎಂದವರಿಗೆ ನಮ್ಮದೇ ಕಥೆ ಹೇಳಿ. ಬ್ರಿಟಿಷರು 1860ರಲ್ಲಿ ಭಾರತೀಯ ದಂಡಸಂಹಿತೆಯಲ್ಲಿ 377ನೇ ಕಲಮು ಇಟ್ಟರು, ಅದೇ ಅಚ್ಚಿನ ಕಾನೂನನ್ನು ಬೇರೆ ವಸಾಹತುಗಳಿಗೂ ಒಯ್ದರು. ದೆಹಲಿ ಹೈಕೋರ್ಟು 2009ರಲ್ಲಿ ಅದನ್ನು ಸಡಿಲಿಸಿದಾಗ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ನಮ್ಮ ದೇಶದ ಕ್ರೈಸ್ತ ಸಂಘಟನೆಗಳೂ ಇದ್ದವು. 2013ರಲ್ಲಿ ಅವರ ಕಡೆ ತೀರ್ಪು ಬಂತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧ ಅಲ್ಲ ಎಂದಿತು. 2024ರ ಜುಲೈನಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಮದುವೆಗೆ ಮಾತ್ರ ಕಾನೂನಿನ ಮಾನ್ಯತೆ ಇಲ್ಲ, 2023ರಲ್ಲಿ ಸುಪ್ರೀಂ ಕೋರ್ಟು ಅದನ್ನು ಕೊಡಲಿಲ್ಲ. ಹಾಗಾಗಿ "ಆಫ್ರಿಕಾದವರು ಹಾಗೆ" ಎಂದು ಬೆರಳು ತೋರಿಸುವ ಭಾಷೆ ನಿಮ್ಮ ಕಾಗದದಲ್ಲಿ ಬೇಡವೇ ಬೇಡ.

ಓದಲು ಏನಾದರೂ ಬೇಕು ಎಂದು ಕಮಿಟಿ ಕೇಳಿದರೆ, ನಾಗ್ಪುರದಲ್ಲಿರುವ ಭಾರತೀಯ ಸಭೆಗಳ ರಾಷ್ಟ್ರೀಯ ಮಂಡಳಿಗೆ ಬರೆಯಿರಿ. ಎನ್‌ಸಿಸಿಐ ಎಂದರೆ ಅದೇ. ಲೈಂಗಿಕ ವೈವಿಧ್ಯದ ಬಗ್ಗೆ ಸಭೆಗಳಿಗಾಗಿಯೇ ಅವರು ಸಾಮಗ್ರಿ ಮಾಡಿದ್ದಾರೆ.

5. ಪತ್ರ ಬರೆಯಿರಿ

ಸಿ.ಎಸ್.ಐ. ಆದರೆ ಪತ್ರ ಸಭಾಪ್ರಾಂತದ ಬಿಷಪ್ ಅವರ ಮೂಲಕ ಹೋಗಲಿ. ಕಥೋಲಿಕರಾದರೆ ಧರ್ಮಾಧ್ಯಕ್ಷರ ಮೂಲಕ. ಸ್ವತಂತ್ರ ಸಭೆಯವರು ನೇರ ಬರೆಯಬಹುದು, ಆದರೆ ಕಮಿಟಿಯ ಠರಾವು ಮಾಡಿ, ನಡಾವಳಿ ಪುಸ್ತಕದಲ್ಲಿ ದಾಖಲಿಸಿದ ಮೇಲೆ. ಮಾದರಿ ಹೀಗಿರಬಹುದು:

"ನಿಮ್ಮ ಸಹಾಯಕ್ಕೆ ನಮ್ಮ ಸಭೆ ಕೃತಜ್ಞವಾಗಿದೆ. ಇಂಥ ದಿನಾಂಕದಂದು ನೀವು ಇಂಥ ಕಾನೂನನ್ನು ಸ್ವಾಗತಿಸಿ ಹೇಳಿಕೆ ಕೊಟ್ಟದ್ದನ್ನು ಓದಿದೆವು. ಪ್ರತಿ ಜೊತೆಗಿದೆ. ಮೂರು ವಿಷಯ ತಿಳಿಸಬೇಕೆಂದು ಕೋರುತ್ತೇವೆ. ಸಲಿಂಗ ಪ್ರೇಮಿಗಳಿಗೆ ಜೈಲು ಅಥವಾ ಮರಣದಂಡನೆ ಕೊಡುವುದನ್ನು ನಿಮ್ಮ ಸಂಸ್ಥೆ ಬೆಂಬಲಿಸುತ್ತದೆಯೇ? ಇಂಥ ಕಾನೂನಿನ ಪರವಾದ ಕೆಲಸಕ್ಕೆ ನಿಮ್ಮ ಹಣ ಹೋಗಿದೆಯೇ? ಆ ಕೆಲಸದ ಯಾವುದಾದರೂ ಕಾಗದದಲ್ಲಿ ಅಥವಾ ಪುಟದಲ್ಲಿ ನಮ್ಮ ಸಭೆಯ ಹೆಸರು ಬಳಸಿದ್ದೀರಾ? ಇಂಥ ಶಿಕ್ಷೆಗಳನ್ನು ನಮ್ಮ ಸಭೆ ಒಪ್ಪುವುದಿಲ್ಲ. ಮುಂದೆ ನಮ್ಮ ಹೆಸರು, ಫೋಟೊ ಬಳಸುವ ಮುನ್ನ ನಮ್ಮ ಲಿಖಿತ ಒಪ್ಪಿಗೆ ಪಡೆಯಿರಿ. ಎರಡು ತಿಂಗಳ ಒಳಗೆ ಉತ್ತರ ಕೊಡಿ."

ಇಷ್ಟೇ ಸಾಕು. ಬೈಬಲ್ ವಚನಗಳ ಪಟ್ಟಿ ಸೇರಿಸಬೇಡಿ. ಅವರು ಎರಡರಷ್ಟು ಕಳಿಸುತ್ತಾರೆ, ಮೂರು ಪ್ರಶ್ನೆಗೆ ಉತ್ತರ ಬರುವುದಿಲ್ಲ. ಫೇಸ್‌ಬುಕ್ಕಿಗೂ ಹಾಕಬೇಡಿ, ಕನಿಷ್ಠ ಉತ್ತರ ಬರುವ ತನಕ.

6. ಉತ್ತರ ಬಂದ ಮೇಲೆ

"ಶಿಕ್ಷೆಯನ್ನು ನಾವು ಬೆಂಬಲಿಸುವುದಿಲ್ಲ" ಎಂದು ಬಂದರೆ, ಅದನ್ನು ಬಹಿರಂಗವಾಗಿ ಹೇಳಲು ಕೇಳಿ. ಉತ್ತರವೇ ಬರದಿದ್ದರೆ ಇನ್ನೊಂದು ಪತ್ರ ಬರೆಯಿರಿ. "ಬೆಂಬಲಿಸುತ್ತೇವೆ" ಎಂದು ಬಂದರೆ ಹೆಸರನ್ನು ತಕ್ಷಣ ಹಿಂದಕ್ಕೆ ಪಡೆಯಿರಿ. ಇದಕ್ಕೆ ಯಾವ ಖರ್ಚೂ ಇಲ್ಲ, ಯಾವ ಮಗುವಿನ ಊಟಕ್ಕೂ ಕುತ್ತಿಲ್ಲ.

ಹಣದ ವಿಷಯದಲ್ಲಿ ಮಾತ್ರ ನಿಧಾನ. ಹಾಸ್ಟೆಲಿನ ಮಕ್ಕಳಿಗೆ ಶೈಕ್ಷಣಿಕ ವರ್ಷದ ನಡುವೆ ಊಟ ನಿಲ್ಲಿಸಿ ತತ್ವ ಉಳಿಸಿಕೊಂಡೆವು ಎನ್ನುವುದು ನನಗೆ ಸರಿ ಕಾಣುವುದಿಲ್ಲ. ಈಗಾಗಲೇ ಬಂದ ಹಣವನ್ನು ಯಾವ ಉದ್ದೇಶಕ್ಕೆ ಬಂತೋ ಅದಕ್ಕೇ ಬಳಸಿ, ಮುಂದಿನ ವರ್ಷದ ಒಪ್ಪಂದ ನವೀಕರಿಸಬೇಡಿ, ಆ ನಡುವೆ ಬೆಳೆಹಬ್ಬದ ಹರಾಜು, ಹಳೆಯ ವಿದ್ಯಾರ್ಥಿಗಳು, ತೋಟದ ಮಾಲೀಕರು ಎಂದು ಊರೊಳಗೆ ದಾರಿ ಹುಡುಕಿ. ಬಂದ ಹಣವನ್ನು ವಾಪಸು ಕಳಿಸಬೇಕೆಂದರೆ ಆಡಿಟರ್ ಒಪ್ಪದೆ ಒಂದು ಹೆಜ್ಜೆಯನ್ನೂ ಇಡಬೇಡಿ.

ಅತಿಥಿ ಬೋಧಕರ ವಿಷಯದಲ್ಲಿ ಬಿಗಿ ಇರಲಿ. 2009ರ ಮಾರ್ಚಿನಲ್ಲಿ ಅಮೆರಿಕದಿಂದ ಬಂದ ಮೂವರು ಬೋಧಕರು ಕಂಪಾಲಾದಲ್ಲಿ ಸಲಿಂಗ ಪ್ರೇಮದ ವಿರುದ್ಧ ಒಂದು ಸೆಮಿನಾರ್ ನಡೆಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಉಗಾಂಡದ ಸಂಸತ್ತಿಗೆ ಮೊದಲ ಮಸೂದೆ ಬಂತು. ಅದೊಂದೇ ಕಾರಣ ಎಂದು ಹೇಳುತ್ತಿಲ್ಲ, ಆದರೆ ವೇದಿಕೆ ಕೊಡುವುದು ಸಣ್ಣ ವಿಷಯ ಅಲ್ಲ. ಬರುವವರು ಏನು ಮಾತಾಡುತ್ತಾರೆ ಎಂದು ಮೊದಲೇ ಬರೆಸಿಕೊಳ್ಳಿ. ಹೇಗೂ ಟೂರಿಸ್ಟ್ ವೀಸಾದಲ್ಲಿ ಬಂದವರು ಬೋಧನೆ ಮಾಡುವಂತಿಲ್ಲ, ಅದಕ್ಕೆ ಮಿಷನರಿ ವೀಸಾ ಬೇರೆ ಇದೆ.

7. ನಿಮ್ಮ ಬೆಂಚಿನಲ್ಲಿ ಕೂತವರನ್ನು ಮರೆಯಬೇಡಿ

ಈ ಚರ್ಚೆ ನಡೆಯುವಾಗ ಸಭೆಯ ಯಾರೋ ಹುಡುಗ ಅಥವಾ ಹುಡುಗಿ ಸುಮ್ಮನೆ ಕೇಳಿಸಿಕೊಳ್ಳುತ್ತಿರಬಹುದು. ಯಾರು ಎಂದು ಹುಡುಕಬೇಡಿ. "ನಮ್ಮಲ್ಲಿ ಯಾರಾದರೂ ಇದ್ದಾರಾ" ಎಂದು ಕೇಳಬೇಡಿ. ಸಾಕ್ಷಿ ಹೇಳಲು ಯಾರನ್ನೂ ಮುಂದೆ ಕರೆಯಬೇಡಿ. ಒಬ್ಬರು ಅಯ್ಯನವರ ಹತ್ತಿರ ಗುಟ್ಟಾಗಿ ಹೇಳಿಕೊಂಡರೆ ಅದು ಅಪ್ಪ-ಅಮ್ಮನಿಗೂ, ಕಮಿಟಿಗೂ ಹೋಗಬಾರದು.

ಪಾಲುದಾರರು ಕಳಿಸಿದ ಪುಸ್ತಕಗಳಲ್ಲಿ "ಪ್ರಾರ್ಥನೆಯಿಂದ, ಕೌನ್ಸೆಲಿಂಗಿನಿಂದ ಗುಣಪಡಿಸುತ್ತೇವೆ" ಎಂಬುದಿದ್ದರೆ ಕಪಾಟಿನಿಂದ ತೆಗೆಯಿರಿ. ಇದನ್ನು ಕನ್ವರ್ಷನ್ ಥೆರಪಿ ಅನ್ನುತ್ತಾರೆ, ಅಂದರೆ ಒಬ್ಬರ ಒಲವನ್ನೇ ಬದಲಾಯಿಸುತ್ತೇವೆ ಎನ್ನುವ ಚಿಕಿತ್ಸೆ. ಮದ್ರಾಸ್ ಹೈಕೋರ್ಟಿನ ಆದೇಶದ ನಂತರ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಇದನ್ನು ಮಾಡುವ ಡಾಕ್ಟರು ವೃತ್ತಿ ದುರ್ನಡತೆ ಮಾಡಿದಂತೆ ಎಂದು ತಿಳಿಸಿದೆ. ಡಾಕ್ಟರೇ ಮಾಡಬಾರದ್ದನ್ನು ಯುವಜನರ ಕ್ಯಾಂಪಿನಲ್ಲಿ ಮಾಡುವುದು ಹೇಗೆ? ಮನಸ್ಸಿಗೆ ತೀರಾ ಕಷ್ಟ ಆದವರಿಗೆ ಟೆಲಿ ಮನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಈ ನಂಬರನ್ನು ಯುವಜನರ ಕೋಣೆಯಲ್ಲಿ ಬೇರೆ ಸಹಾಯವಾಣಿಗಳ ಜೊತೆ ಅಂಟಿಸಿ, ಒಂಟಿಯಾಗಿ ಅಲ್ಲ. ಒಂಟಿಯಾಗಿದ್ದರೆ ಅದನ್ನು ಬರೆದುಕೊಳ್ಳಲು ಯಾರಿಗೂ ಧೈರ್ಯ ಬರುವುದಿಲ್ಲ.

ಪ್ರಾರ್ಥನಾ ಗ್ರೂಪುಗಳನ್ನೂ ಗಮನಿಸಿ. "ಇಂಥ ದೇಶದ ಕಾನೂನಿಗಾಗಿ ಸ್ತೋತ್ರ ಸಲ್ಲಿಸೋಣ" ಎಂದು ಫಾರ್ವರ್ಡ್ ಬರುತ್ತದೆ, ಎಲ್ಲರೂ ಆಮೆನ್ ಹಾಕುತ್ತಾರೆ, ಕಾನೂನಿನಲ್ಲಿ ಏನಿದೆ ಎಂದು ಒಬ್ಬರಿಗೂ ಗೊತ್ತಿರುವುದಿಲ್ಲ. ಗ್ರೂಪಿನ ಅಡ್ಮಿನ್ ಅಕ್ಕ ಅಥವಾ ಅಣ್ಣನಿಗೆ ಫೋನ್ ಮಾಡಿ ಶಾಂತವಾಗಿ ಹೇಳಿ. ಗ್ರೂಪಿನಲ್ಲೇ ಜಗಳ ಬೇಡ.

8. ಫೈಲು ಯಾರ ಹತ್ತಿರ ಇರಬೇಕು

ಅಯ್ಯನವರಿಗೆ ಕೆಲವು ವರ್ಷಕ್ಕೊಮ್ಮೆ ವರ್ಗ ಆಗುತ್ತದೆ. ಫೈಲು ಅವರ ಮನೆಯಲ್ಲಿದ್ದರೆ ಅವರ ಸಾಮಾನಿನ ಜೊತೆ ಅದೂ ಹೋಗುತ್ತದೆ. ಒಂದು ಪ್ರತಿ ಕಾರ್ಯದರ್ಶಿಯ ಹತ್ತಿರ, ಒಂದು ಖಜಾಂಚಿಯ ಹತ್ತಿರ ಇರಲಿ. ಠರಾವಿನ ದಿನಾಂಕ, ಪತ್ರ ಕಳಿಸಿದ ದಿನ, ಬಂದ ಉತ್ತರ, ಹೆಸರು ತೆಗೆಸಿದ ಪುಟದ ಹಿಂದಿನ ಮತ್ತು ಈಗಿನ ಪ್ರಿಂಟ್, ಎಲ್ಲ ಒಟ್ಟಿಗೆ. ಹೊಸ ಕಮಿಟಿ ಬಂದಾಗ ಬ್ಯಾಂಕ್ ಪಾಸ್‌ಬುಕ್ ಜೊತೆ ಇದನ್ನೂ ಸಹಿ ಮಾಡಿಸಿ ಹಸ್ತಾಂತರಿಸಿ. ಮುಂದೆ ಯಾವುದೇ ಹೊಸ ಪಾಲುದಾರರ ಒಪ್ಪಂದಕ್ಕೆ ಸಹಿ ಹಾಕುವ ಮೊದಲು, ಐದನೇ ಹಂತದ ಮೂರು ಪ್ರಶ್ನೆಗಳನ್ನು ಅವರಿಗೂ ಕೇಳಿ. ಉತ್ತರ ಫೈಲಿಗೆ ಸೇರಿದ ಮೇಲೆ ಸಹಿ.